‘ಮೊದಲಿಗಳು’ ಎಂಬ ಮಾತು: ನಿರುಪಮಾ ವೈದ್ಯನಾಥನ್ ಅವರ ಕ್ರೀಡಾಜೀವನವೂ ಅದರ ಬರವಣಿಗೆಯೂ

ಕಳೆದ ವರ್ಷ ಬಂಗಾರಪೇಟೆಯಲ್ಲಿ ಇತಿಹಾಸದ ತರಗತಿ ಮುಗಿದ ಬಳಿಕ ವಿದ್ಯಾರ್ಥಿನಿಯೊಬ್ಬಳು ಒಂದು ಉತ್ತರಪತ್ರಿಕೆಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಸ್ಪರ್ಧಾಪರೀಕ್ಷೆಗಳಿಗೆ ತಾಲೀಮು ಕೊಡುವ ಕೇಂದ್ರವೊಂದರಲ್ಲಿ ಬರೆದ ಮಾದರಿ ಪರೀಕ್ಷೆಯ ಪತ್ರಿಕೆ ಅದು. ಗ್ರ್ಯಾಂಡ್ ಸ್ಲಾಮ್ ಟೆನ್ನಿಸ್ ಪಂದ್ಯಾವಳಿಯಲ್ಲಿ ಪಂದ್ಯವೊಂದನ್ನು ಗೆದ್ದ ಮೊದಲ ಭಾರತೀಯ ಮಹಿಳೆ ಯಾರೆಂಬ ಪ್ರಶ್ನೆಗೆ ಆಕೆ ‘ಲೀಲಾ ರಾವ್, 1934’ ಎಂದು ಬರೆದಿದ್ದಳು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ನಿರುಪಮಾ ವೈದ್ಯನಾಥನ್, 1998’ ಎಂದು ತಿದ್ದಲಾಗಿತ್ತು. ಹೋದದ್ದು ಒಂದು ಅಂಕ ಮಾತ್ರ. ಆದರೆ ಆಕೆ ಕೇಳಲು ಬಂದದ್ದು ಅಂಕವನ್ನಲ್ಲ, ಎರಡರಲ್ಲಿ ಯಾವುದು ನಿಜ ಎಂಬುದನ್ನು. ಇತಿಹಾಸವನ್ನು ಬೋಧಿಸುವವನಿಗೆ ಇದಕ್ಕಿಂತ ನೇರವಾದ ಪ್ರಶ್ನೆ ಬೇರೊಂದಿಲ್ಲ. ಆಕೆಗೆ ಅಂದು ಕೊಟ್ಟ ಉತ್ತರ ನನಗೇ ತೃಪ್ತಿಯನ್ನು ಕೊಡದಿದ್ದುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಮೊದಲು ಸಂಗತಿಗಳನ್ನು ನೋಡೋಣ. ನಿರುಪಮಾ ವೈದ್ಯನಾಥನ್ ಅವರು 1976ರಲ್ಲಿ ಕೊಯಮತ್ತೂರಿನಲ್ಲಿ ಜನಿಸಿದವರು. ತಂದೆ ಕ್ರಿಕೆಟ್ ಆಡಿದವರು. ಮಗಳ ಕೈಗೆ ರ‍್ಯಾಕೆಟ್ಟನ್ನು ಕೊಟ್ಟು ತಾವೇ ತರಬೇತಿ ನೀಡಿದವರು. ಹದಿಹರೆಯದಲ್ಲಿಯೇ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದ ಈಕೆ, 1998ರ ಜನವರಿಯಲ್ಲಿ ಮೆಲ್ಬರ್ನ್ ನಗರದಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಇಟಲಿಯ ಗ್ಲೋರಿಯಾ ಪಿಜ್ಜಿಕೀನಿಯವರನ್ನು ಸೋಲಿಸಿದರು. ಅದೇ ವರ್ಷದ ಕೊನೆಯಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಮಿಶ್ರ ಡಬಲ್ಸ್‌ನಲ್ಲಿ ಮಹೇಶ್ ಭೂಪತಿಯವರೊಡನೆ ಕಂಚಿನ ಪದಕ ಬಂದಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮನೀಷಾ ಮಲ್ಹೋತ್ರಾ ಅವರ ಜೊತೆಗೂಡಿ ಡಬಲ್ಸ್ ಆಡಿದರು. ಆಮೇಲೆ ಅಂಗಳವನ್ನು ಬಿಟ್ಟು, ವಿವಾಹಾನಂತರ ನಿರುಪಮಾ ಸಂಜೀವ್ ಎಂಬ ಹೆಸರಿನಿಂದ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೆಲೆಸಿ, ಎಳೆಯರಿಗೆ ಆಟವನ್ನು ಕಲಿಸತೊಡಗಿದರು. 2010ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಒಮ್ಮೆ ಸ್ಪರ್ಧೆಗೆ ಮರಳಿದ್ದೂ ಉಂಟು. 2013ರಲ್ಲಿ ತಮ್ಮ ಜೀವನವನ್ನು ‘ದಿ ಮೂನ್‌ಬಾಲರ್’ ಎಂಬ ಇಂಗ್ಲಿಷ್ ಗ್ರಂಥವಾಗಿ ಪ್ರಕಟಿಸಿದರು.

ಇನ್ನು ಲೀಲಾ ರಾವ್. ಇವರು 1911ರಲ್ಲಿ ಜನಿಸಿದವರು; ಸಂಸ್ಕೃತ ಕವಯಿತ್ರಿ ಪಂಡಿತಾ ಕ್ಷಮಾ ರಾವ್ ಅವರ ಮಗಳು. ತಾಯಿಯೂ ಟೆನ್ನಿಸ್ ಆಟಗಾರ್ತಿಯಾಗಿದ್ದರೆಂಬುದು ನಮ್ಮ ಸಂಸ್ಕೃತ ಅಧ್ಯಾಪಕರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿ ತೋರಬಹುದು. ಮಗಳು 1931ರಲ್ಲಿ ಅಖಿಲ ಭಾರತ ಪ್ರಶಸ್ತಿಯನ್ನು ಗೆದ್ದು, 1934ರಲ್ಲಿ ವಿಂಬಲ್ಡನ್ನಿನ ಮೊದಲ ಸುತ್ತಿನ ಪಂದ್ಯವನ್ನು ಗೆದ್ದರು. ಮುಂದೆ ರಾಜತಂತ್ರಜ್ಞ ಹರೀಶ್ವರ ದಯಾಳ್ ಅವರನ್ನು ವಿವಾಹವಾಗಿ, ಭಾರತೀಯ ನೃತ್ಯವನ್ನು ಕುರಿತು ಗ್ರಂಥಗಳನ್ನು ಬರೆದರು.

ಎರಡೂ ಸಂಗತಿಗಳು ನಿಜವಾಗಿರುವಾಗ ಅರುವತ್ತನಾಲ್ಕು ವರ್ಷಗಳಷ್ಟು ಹಿಂದಿನದನ್ನು ಹೊಡೆದುಹಾಕಿ ಮುಂದಿನದನ್ನು ‘ಮೊದಲು’ ಎಂದದ್ದು ಹೇಗೆ? ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಂದು ವಿಶೇಷಣ ದಾರಿಯಲ್ಲಿ ಬಿದ್ದುಹೋಗಿದೆ, ಅಷ್ಟೆ. ಟೆನ್ನಿಸ್ ಚರಿತ್ರೆಯನ್ನು ಬಲ್ಲವರು ನಿರುಪಮಾ ಅವರನ್ನು ‘ಆಧುನಿಕ ಯುಗದಲ್ಲಿ’ ಗೆದ್ದ ಮೊದಲಿಗರೆಂದು ಕರೆದರು. 1968ರಿಂದೀಚೆಗೆ ಹವ್ಯಾಸಿಗಳೂ ವೃತ್ತಿಪರರೂ ಒಂದೇ ಪಂದ್ಯಾವಳಿಯಲ್ಲಿ ಆಡತೊಡಗಿದ ಕಾಲಕ್ಕೆ ‘ಮುಕ್ತ ಯುಗ’ವೆಂದು ಹೆಸರು. ಆ ಯುಗದ ಮಟ್ಟಿಗೆ ಮಾತು ಸರಿಯಾದುದೇ. ಆದರೆ ಪತ್ರಿಕೆಯ ತಲೆಬರಹಕ್ಕೆ ಸ್ಥಳ ಸಾಲದು. ತಲೆಬರಹದಿಂದ ಸಾಮಾನ್ಯಜ್ಞಾನದ ಪುಸ್ತಕಕ್ಕೆ, ಅಲ್ಲಿಂದ ತಾಲೀಮು ಕೇಂದ್ರದ ಪ್ರಶ್ನಾವಳಿಗೆ ಬರುವ ವೇಳೆಗೆ ‘ಆಧುನಿಕ ಯುಗದಲ್ಲಿ’ ಎಂಬ ಎರಡು ಪದಗಳು ಕಳಚಿಕೊಂಡು, ‘ಮೊದಲ ಭಾರತೀಯ ಮಹಿಳೆ’ ಎಂಬುದಷ್ಟೇ ಉಳಿಯಿತು. ಹೀಗೆ ಉಳಿದುದು ವಿದ್ಯಾರ್ಥಿನಿಯೊಬ್ಬಳ ಸರಿಯುತ್ತರವನ್ನು ತಪ್ಪೆಂದು ತಿದ್ದುವಷ್ಟು ಬಲವನ್ನು ಪಡೆಯಿತು.

1968ರಲ್ಲಿ ಗೆರೆ ಎಳೆಯುವುದಕ್ಕೆ ಆಧಾರವಿಲ್ಲವೆಂದು ನಾನು ವಾದಿಸುತ್ತಿಲ್ಲ. ಅದಕ್ಕೆ ಒಳ್ಳೆಯ ಕಾರಣಗಳೇ ಇವೆ. ಮುಕ್ತ ಯುಗಕ್ಕೆ ಮುಂಚೆ ಟೆನ್ನಿಸ್ ಆಡಿ ಬದುಕುವುದು ನಿಯಮಕ್ಕೆ ವಿರುದ್ಧ. ಸ್ವಂತ ಆಸ್ತಿಯೋ ಆಶ್ರಯದಾತರೋ ಇದ್ದವರಿಗೆ ಮಾತ್ರ ಅದು ಸಾಧ್ಯವಾದ ಆಟ. 1973ರಲ್ಲಿ ಮಹಿಳಾ ಆಟಗಾರ್ತಿಯರ ಸಂಘ ಸ್ಥಾಪನೆಯಾಗಿ, 1975ರಿಂದ ಗಣಕಯಂತ್ರದ ಲೆಕ್ಕಾಚಾರದಿಂದ ಶ್ರೇಯಾಂಕ ನೀಡುವ ಪದ್ಧತಿ ಬಂದ ಮೇಲೆ, ದೊಡ್ಡ ಪಂದ್ಯಾವಳಿಯ ಬಾಗಿಲಿಗೆ ಬರುವ ದಾರಿಯೇ ಬದಲಾಯಿತು. ವರ್ಷವಿಡೀ ದೇಶದಿಂದ ದೇಶಕ್ಕೆ ಅಲೆದು, ಸಣ್ಣ ಸಣ್ಣ ಪಂದ್ಯಾವಳಿಗಳಲ್ಲಿ ಅಂಕಗಳನ್ನು ಒಂದೊಂದಾಗಿ ಕೂಡಿಟ್ಟುಕೊಳ್ಳಬೇಕು. 1934ರ ಗೆಲುವಿಗೂ 1998ರ ಗೆಲುವಿಗೂ ಇರುವ ಅಂತರ ವರ್ಷಗಳದ್ದಷ್ಟೇ ಅಲ್ಲ, ವ್ಯವಸ್ಥೆಯದೂ ಹೌದು. ಹಾಗೆಂದು 1934ರ ವಿಂಬಲ್ಡನ್ ಎರಡನೆಯ ದರ್ಜೆಯದಾಗಿತ್ತೆ? ಆ ವರ್ಷ ಪ್ರಶಸ್ತಿ ಪಡೆದವರು ಡೊರೊಥಿ ರೌಂಡ್; ಅಂತಿಮ ಪಂದ್ಯದಲ್ಲಿ ಅವರ ಎದುರು ಆಡಿದವರು ಅಮೆರಿಕದ ಹೆಲೆನ್ ಜೇಕಬ್ಸ್. ಇಬ್ಬರೂ ಚರಿತ್ರೆಯಲ್ಲಿ ನಿಂತ ಹೆಸರುಗಳು.

ಇಲ್ಲಿ ಇನ್ನೊಂದು ತೊಡಕನ್ನೂ ಹೇಳಿಬಿಡುವುದು ಲೇಸು. ‘ಗ್ರ್ಯಾಂಡ್ ಸ್ಲಾಮ್’ ಎಂಬ ಮಾತು ಇಸ್ಪೀಟಿನ ಬ್ರಿಜ್ ಆಟದಿಂದ ಟೆನ್ನಿಸ್ಸಿಗೆ ಬಂದುದು. 1933ರಲ್ಲಿ ಆಸ್ಟ್ರೇಲಿಯದ ಜಾಕ್ ಕ್ರಾಫರ್ಡ್ ಮೂರು ದೊಡ್ಡ ಪಂದ್ಯಾವಳಿಗಳನ್ನು ಗೆದ್ದು, ನಾಲ್ಕನೆಯದಾದ ಅಮೆರಿಕದ ಅಂತಿಮ ಪಂದ್ಯದಲ್ಲಿ ಫ್ರೆಡ್ ಪೆರಿಗೆ ಸೋತ ಸಂದರ್ಭದಲ್ಲಿ ಪತ್ರಿಕೆಯವರು ಅದನ್ನು ಚಲಾವಣೆಗೆ ತಂದರು. ಆಗ ಅದರ ಅರ್ಥ ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆಲ್ಲುವ ಸಾಹಸ. ಬಿಡಿಬಿಡಿಯಾದ ಪಂದ್ಯಾವಳಿಗಳಿಗೆ ಆ ಹೆಸರು ಅಂಟಿಕೊಂಡದ್ದು ಅನಂತರ. ಆದುದರಿಂದ ಲೀಲಾ ರಾವ್ ಅವರು ತಾವು ‘ಗ್ರ್ಯಾಂಡ್ ಸ್ಲಾಮ್ ಪಂದ್ಯ’ವೊಂದನ್ನು ಗೆದ್ದೆವೆಂದು ಅಂದು ಹೇಳಿಕೊಳ್ಳುವಂತಿರಲಿಲ್ಲ, ವಿಂಬಲ್ಡನ್ನಿನಲ್ಲಿ ಗೆದ್ದೆವೆಂದು ಹೇಳಬಹುದಾಗಿತ್ತು. ಪ್ರಶ್ನೆಯನ್ನು ಇಂದಿನ ಪರಿಭಾಷೆಯಲ್ಲಿ ಕೇಳಿದಾಗ ಹಿಂದಿನವರು ಉತ್ತರದಿಂದ ಜಾರಿಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ಬದುಕುವ ನಮಗೆ ಈ ಬಗೆಯ ‘ಮೊದಲು’ಗಳ ಪರಿಚಯ ಸಾಕಷ್ಟಿದೆ. ಏಷ್ಯಾ ಖಂಡದಲ್ಲೇ ಮೊದಲು ವಿದ್ಯುಚ್ಛಕ್ತಿಯನ್ನು ಕಂಡ ಊರು ಕೆ.ಜಿ.ಎಫ್. ಎಂದು ನಮ್ಮ ಮಕ್ಕಳು ಭಾಷಣ ಮಾಡುತ್ತಾರೆ. ನಾನೂ ಬಾಲ್ಯದಲ್ಲಿ ಮಾಡಿದ್ದೇನೆ, ಬಹುಮಾನವನ್ನೂ ಪಡೆದಿದ್ದೇನೆ. ವಾಸ್ತವದಲ್ಲಿ ಡಾರ್ಜಿಲಿಂಗಿನ ಸಿದ್ರಾಪೋಂಗ್‌ನಲ್ಲಿ 1897ರಷ್ಟು ಹಿಂದೆಯೇ ಜಲವಿದ್ಯುತ್ತು ಹುಟ್ಟಿತ್ತು. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಗಣಿಗಳಿಗೆ ವಿದ್ಯುತ್ತು ಬಂದುದರ ನಿಜವಾದ ವೈಶಿಷ್ಟ್ಯವೇ ಬೇರೆ: ಸುಮಾರು 90 ಮೈಲಿಗಳ ದೂರಕ್ಕೆ ತಂತಿಯ ಮೂಲಕ ಶಕ್ತಿಯನ್ನು ಸಾಗಿಸಿದ್ದು. ಅಂದಿನ ಜಗತ್ತಿನಲ್ಲಿಯೇ ಅತಿ ದೀರ್ಘವಾದ ತಂತಿಮಾರ್ಗಗಳಲ್ಲಿ ಅದು ಒಂದಾಗಿತ್ತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ವಿದ್ಯುತ್ತು ಬಂದದ್ದು ಗಣಿಯ ಯಂತ್ರಗಳಿಗಾಗಿ. ‘ಊರಿಗೆ ಮೊದಲು ವಿದ್ಯುತ್ತು ಬಂದಿತು’ ಎಂಬ ವಾಕ್ಯ, ಯಾರ ಕೆಲಸಕ್ಕೆ ಬಂದಿತು, ಯಾರ ಮನೆಗೆ ಬಂದಿತು ಎಂಬ ಪ್ರಶ್ನೆಗಳನ್ನು ಮುಚ್ಚಿಬಿಡುತ್ತದೆ. ‘ಮೊದಲು’ ಎಂಬ ಹೆಗ್ಗಳಿಕೆ ಒಮ್ಮೆ ಸಿಕ್ಕಿತೆಂದರೆ ಉಳಿದುದನ್ನು ತಿಳಿಯುವ ಆಸೆ ನಿಂತುಹೋಗುತ್ತದೆಯೆಂಬುದು ನನ್ನ ಅನುಭವ.

ಇದೇ ನಷ್ಟ ನಿರುಪಮಾ ಅವರ ವಿಷಯದಲ್ಲಿಯೂ ಆಗಿದೆ. ಲೀಲಾ ರಾವ್ ಅವರಿಗೆ ಅನ್ಯಾಯವಾಯಿತೆಂಬುದು ಸುಲಭವಾಗಿ ಕಾಣುವ ಮಾತು. ನಿರುಪಮಾ ಅವರಿಗೂ ಅನ್ಯಾಯವಾಗಿದೆಯೆಂಬುದು ಅಷ್ಟು ಸುಲಭವಾಗಿ ಕಾಣದು. ಅವರ ಒಂದು ದಶಕದ ವೃತ್ತಿಜೀವನ ನಮ್ಮ ಪುಸ್ತಕಗಳಲ್ಲಿ ಒಂದು ಮಧ್ಯಾಹ್ನದ ಒಂದು ಪಂದ್ಯಕ್ಕೆ ಇಳಿದಿದೆ. ಆ ಪಂದ್ಯದ ನಂತರದ ಸುತ್ತಿನಲ್ಲಿ ಅಮೆರಿಕದ ಚಾಂಡಾ ರೂಬಿನ್ ಅವರಿಗೆ ಸೋತುದನ್ನು ಹೇಳುವವರು ವಿರಳ. ಅವರು ಶ್ರೇಯಾಂಕದ ಮೊದಲ ನೂರರೊಳಗೆ ಎಂದೂ ಬರಲಿಲ್ಲವೆಂಬುದನ್ನು ಹೇಳುವುದು ಅಗೌರವವೆಂದು ಕೆಲವರು ತಿಳಿದಿರುವಂತೆ ತೋರುತ್ತದೆ. ನನಗಾದರೋ ಅವರ ಹಿರಿಮೆ ಇರುವುದೇ ಅಲ್ಲಿ. ನೂರರ ಹೊರಗಿರುವ ಆಟಗಾರ್ತಿಗೆ ದೊಡ್ಡ ಪಂದ್ಯಾವಳಿಗಳ ಮುಖ್ಯ ಸುತ್ತು ತಾನಾಗಿ ತೆರೆಯುವುದಿಲ್ಲ. ಬಹುಮಾನದ ಹಣ ಪ್ರಯಾಣಕ್ಕೂ ವಸತಿಗೂ ಸಾಲುವುದು ಕಷ್ಟ. ಜೊತೆಯಲ್ಲಿ ತರಬೇತುದಾರರನ್ನು ಕರೆದೊಯ್ಯುವ ಮಾತಂತೂ ದೂರವೇ ಉಳಿಯಿತು. ಸ್ವದೇಶದಲ್ಲಿ ಮಾರ್ಗವನ್ನು ತೋರಬಲ್ಲ ಹಿರಿಯ ವೃತ್ತಿಪರ ಆಟಗಾರ್ತಿ ಒಬ್ಬರೂ ಇಲ್ಲದ ಕಾಲದಲ್ಲಿ, ಕೊಯಮತ್ತೂರಿನಂತಹ ಊರಿನಿಂದ ಹೊರಟ ಹುಡುಗಿ ಆ ನೂರರ ಹೊರಗಿನ ಲೋಕದಲ್ಲಿ ವರ್ಷಗಟ್ಟಲೆ ನಿಂತುದು ಒಂದು ಪಂದ್ಯದ ಗೆಲುವಿಗಿಂತ ದೊಡ್ಡ ಸಂಗತಿ.

ಅವರು ತಮ್ಮ ಪುಸ್ತಕಕ್ಕೆ ಇಟ್ಟ ಹೆಸರನ್ನೇ ನೋಡಿ. ‘ಮೂನ್‌ಬಾಲ್’ ಎಂದರೆ ಚೆಂಡನ್ನು ನೆತ್ತಿಯ ಮೇಲೆ ಬಹಳ ಎತ್ತರಕ್ಕೆ, ಮುಂದುರುಳುವ ಸುತ್ತನ್ನು ಕೊಟ್ಟು ಹೊಡೆದು, ಎದುರಾಳಿಯ ಹಿಂಗೆರೆಯ ಬಳಿ ಬೀಳುವಂತೆ ಮಾಡುವುದು. ಬಿದ್ದ ಚೆಂಡು ಭುಜದ ಮೇಲಕ್ಕೆ ಪುಟಿಯುವುದರಿಂದ ಎದುರಾಳಿ ಹಿಂದೆ ಸರಿಯಲೇಬೇಕು. ರಭಸದ ಹೊಡೆತಕ್ಕೆ ಎಡೆಯಿರದು. ಆಟದ ವೇಗ ಇಳಿಯುತ್ತದೆ, ತಾಳ್ಮೆ ಉಳ್ಳವರು ಗೆಲ್ಲುತ್ತಾರೆ. ಪ್ರೇಕ್ಷಕರಿಗೆ ಇದು ರುಚಿಸುವುದಿಲ್ಲ. ಎಳೆಯರ ಪಂದ್ಯಗಳಲ್ಲಿ ಸೋತ ಮಕ್ಕಳ ತಂದೆತಾಯಿಗಳು ಇದನ್ನು ಆಟವೇ ಅಲ್ಲವೆಂದು ಹೀಗಳೆಯುವುದುಂಟು. ಇಂತಹ ಹೊಡೆತದ ಹೆಸರನ್ನು ತನ್ನ ಜೀವನಚರಿತ್ರೆಗೆ ಇಟ್ಟುಕೊಂಡ ಆಟಗಾರ್ತಿ ತನ್ನನ್ನು ತಾನು ಹೇಗೆ ಕಂಡುಕೊಂಡಿದ್ದಾಳೆಂಬುದು ಸ್ಪಷ್ಟವಾಗಿದೆ. ತನ್ನಲ್ಲಿ ಪ್ರಚಂಡವಾದ ಹೊಡೆತವಿಲ್ಲ, ಚೆಂಡನ್ನು ಮರಳಿ ಮರಳಿ ಆಚೆಗೆ ಕಳುಹಿಸುವ ಹಟವಿದೆ ಎಂಬುದನ್ನು ಆಕೆ ಮುಚ್ಚಿಟ್ಟಿಲ್ಲ. ಆಟಗಾರರ ಆತ್ಮಕಥೆಗಳ ಹೆಸರುಗಳು ಸಾಮಾನ್ಯವಾಗಿ ವಿಜಯಘೋಷಗಳಾಗಿರುತ್ತವೆ. 2016ರಲ್ಲಿ ಬಂದ ಸಾನಿಯಾ ಮಿರ್ಜಾ ಅವರ ‘ಏಸ್ ಎಗೇನ್ಸ್ಟ್ ಆಡ್ಸ್’ ಎಂಬ ಹೆಸರಿನಲ್ಲಿ ಎದುರಾಳಿ ಮುಟ್ಟಲಾರದ ಸರ್ವಿಸ್ ಹೊಡೆತವಿದೆ. ಇಲ್ಲಿ ಎದುರಾಳಿ ಮುಟ್ಟಿ ಮುಟ್ಟಿ ಬೇಸರಗೊಳ್ಳುವ ಹೊಡೆತವಿದೆ. ಇಬ್ಬರ ಆಟಕ್ಕೂ ಕಾಲಕ್ಕೂ ಇದ್ದ ವ್ಯತ್ಯಾಸವನ್ನು ಈ ಎರಡು ಹೆಸರುಗಳಿಂದಲೇ ಊಹಿಸಬಹುದು. ಆಕೆಯ ಬಗ್ಗೆ ಇತರರು ಬರೆದ ಲೇಖನಗಳು ‘ಮೊದಲಿಗಳು’ ಎಂಬ ಪದದಿಂದ ಆರಂಭವಾಗಿ ಅಲ್ಲಿಯೇ ಮುಗಿಯುವಾಗ, ಆಕೆಯೇ ಆರಿಸಿಕೊಂಡ ಪದ ಇನ್ನೊಂದಾಗಿತ್ತೆಂಬುದನ್ನು ವಿಮರ್ಶಕರು ಗಮನಿಸಬೇಕಾಗಿತ್ತು.

ಇತ್ತೀಚೆಗೆ ಲೀಲಾ ರಾವ್ ಅವರ ಹೆಸರನ್ನು ಪುನಃ ಬೆಳಕಿಗೆ ತರುವ ಲೇಖನಗಳು ಅಲ್ಲಲ್ಲಿ ಬರುತ್ತಿವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇವುಗಳಲ್ಲಿಯೂ ಒಂದು ದೋಷವಿದೆ: ನಿರುಪಮಾ ಅವರನ್ನು ಪೀಠದಿಂದಿಳಿಸಿ, ಅದೇ ಪೀಠದ ಮೇಲೆ ಲೀಲಾ ಅವರನ್ನು ಕೂರಿಸುವುದು. ಪೀಠವನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ಲೀಲಾ ಅವರಿಗಿಂತ ಮುಂಚೆಯೇ, 1929ರಲ್ಲಿ, ಜೆನ್ನಿ ಸ್ಯಾಂಡಿಸನ್ ಎಂಬ ಬಂಗಾಳದ ಆಟಗಾರ್ತಿ ವಿಂಬಲ್ಡನ್ನಿನಲ್ಲಿ ಆಡಿದ್ದರು. ಆಕೆ ಆಂಗ್ಲೋ-ಇಂಡಿಯನ್. ಆಕೆ ಗೆಲ್ಲಲಿಲ್ಲವಾದುದರಿಂದ ನಮ್ಮ ಪ್ರಶ್ನೆಗೆ ಉತ್ತರವಾಗುವುದಿಲ್ಲ, ನಿಜ. ಆದರೆ ‘ವಿಂಬಲ್ಡನ್ನಿನಲ್ಲಿ ಆಡಿದ ಮೊದಲ ಭಾರತೀಯ ಮಹಿಳೆ’ ಎಂಬ ಪಟ್ಟಿಯಲ್ಲಿಯೂ ಆಕೆಯ ಹೆಸರು ಎಲ್ಲೆಡೆ ಕಾಣುವುದಿಲ್ಲ. ‘ಭಾರತೀಯ’ ಎಂಬ ಪದವನ್ನು ಯಾರಿಗೆ ಸಲ್ಲಿಸುತ್ತೇವೆ, ಯಾರಿಗೆ ಸಲ್ಲಿಸದೆ ಬಿಡುತ್ತೇವೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಆಂಗ್ಲೋ-ಇಂಡಿಯನ್ ಕುಟುಂಬಗಳು ತಲೆಮಾರುಗಳ ಕಾಲ ಬಾಳಿದ ಗಣಿಯ ಊರಿನಲ್ಲಿ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಇತಿಹಾಸಕಾರನಿಗೆ ಕೆಲಸವಿರುವುದು 1934ರಲ್ಲಿಯೂ ಅಲ್ಲ, 1998ರಲ್ಲಿಯೂ ಅಲ್ಲ. ಇವೆರಡರ ನಡುವಿನ ಅರುವತ್ತನಾಲ್ಕು ವರ್ಷಗಳಲ್ಲಿ. ಆ ಅವಧಿ ಬರಿದಾಗಿರಲಿಲ್ಲ. 1952ರಲ್ಲಿ ರೀಟಾ ದಾವರ್ ಅವರು ವಿಂಬಲ್ಡನ್ನಿನ ಬಾಲಕಿಯರ ವಿಭಾಗದಲ್ಲಿ ಅಂತಿಮ ಪಂದ್ಯದವರೆಗೆ ಹೋದರು. 1971ರಲ್ಲಿ ಇನ್ನೊಬ್ಬ ನಿರುಪಮಾ, ಅಂದರೆ ನಿರುಪಮಾ ಮಂಕಡ್ ಅವರು, ಆನಂದ್ ಅಮೃತರಾಜ್ ಅವರೊಡನೆ ವಿಂಬಲ್ಡನ್ ಮಿಶ್ರ ಡಬಲ್ಸ್‌ನಲ್ಲಿ ಆಡಿದರು. ಪ್ರತಿಭೆ ಇತ್ತು, ಮುಂದುವರಿಕೆ ಇರಲಿಲ್ಲ. ಇದೇ ಕಾಲದಲ್ಲಿ ಪುರುಷರ ವಿಭಾಗದಲ್ಲಿ ರಾಮನಾಥನ್ ಕೃಷ್ಣನ್ ಅವರು 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ್ದರು. 1966ರಲ್ಲಿ ಭಾರತ ಡೇವಿಸ್ ಕಪ್ಪಿನ ಅಂತಿಮ ಸುತ್ತಿಗೆ ಬಂದಿತ್ತು. ಆದುದರಿಂದ ಬಡದೇಶಕ್ಕೆ ಇದು ಎಟುಕದ ಆಟವಾಗಿತ್ತೆಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ವಿದೇಶೀ ವಿನಿಮಯದ ಅಭಾವ ಎಲ್ಲರಿಗೂ ಇತ್ತು. ಇದ್ದ ಅಲ್ಪ ಸಂಪನ್ಮೂಲ ಯಾರ ಪ್ರಯಾಣಕ್ಕೆ ವೆಚ್ಚವಾಯಿತು ಎಂಬುದನ್ನು ಕ್ರೀಡಾಸಂಸ್ಥೆಗಳ ಲೆಕ್ಕಪತ್ರಗಳಿಂದ ಹುಡುಕಿ ಬರೆಯುವವರು ಬೇಕಾಗಿದ್ದಾರೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ರಾಜವಂಶಗಳ ವಂಶಾವಳಿಯನ್ನು ಇನ್ನೊಮ್ಮೆ ನಕಲು ಮಾಡುವುದಕ್ಕಿಂತ ಮೇಲಾದ ಕೆಲಸವಾದೀತು.

1998ರ ನಂತರ ಏನಾಯಿತೆಂಬುದನ್ನು ವಾಚಕರು ಬಲ್ಲರು. ಏಳೇ ವರ್ಷಗಳಲ್ಲಿ, 2005ರಲ್ಲಿ, ಸಾನಿಯಾ ಮಿರ್ಜಾ ಅವರು ಮೆಲ್ಬರ್ನಿನಲ್ಲಿಯೇ ಮೂರನೆಯ ಸುತ್ತನ್ನು ಮುಟ್ಟಿದರು, ಅದೇ ವರ್ಷ ಹೈದರಾಬಾದಿನಲ್ಲಿ ಪ್ರಶಸ್ತಿ ಪಡೆದರು. 2007ರಲ್ಲಿ 27ನೆಯ ಶ್ರೇಯಾಂಕಕ್ಕೆ ಏರಿದರು. 2023ರಲ್ಲಿ ನಿವೃತ್ತರಾಗುವ ವೇಳೆಗೆ ಡಬಲ್ಸ್ ಮತ್ತು ಮಿಶ್ರ ಡಬಲ್ಸ್‌ಗಳಲ್ಲಿ ಆರು ದೊಡ್ಡ ಪ್ರಶಸ್ತಿಗಳನ್ನು ಗಳಿಸಿದ್ದರು. ಇವೆಲ್ಲ ನಿರುಪಮಾ ಅವರು ‘ದಾರಿ ತೆರೆದುದರ’ ಫಲವೆಂದು ಬರೆಯುವುದು ವಾಡಿಕೆಯಾಗಿದೆ. ಸಾನಿಯಾ ಅವರಿಗೂ ತಂದೆಯೇ ಗುರು, ಮನೆಯೇ ಸಂಸ್ಥೆ. ತೆರೆದ ದಾರಿಯಲ್ಲಿ ಎರಡನೆಯವರೂ ಮೊದಲಿನವರಂತೆಯೇ ತಮ್ಮ ಮನೆಯವರ ಹಣ ಮತ್ತು ಹಟಗಳನ್ನು ನಂಬಿ ನಡೆಯಬೇಕಾಯಿತೆಂದರೆ, ಅದನ್ನು ದಾರಿ ಎನ್ನಬಹುದೇ ಎಂಬ ಸಂದೇಹ ನನಗಿದೆ.

ನಮ್ಮ ಊರಿನ ಮಾತನ್ನೂ ಸ್ವಲ್ಪ ಹೇಳಬೇಕು. ಟೆನ್ನಿಸ್ ಆಟ ಕೋಲಾರ ಜಿಲ್ಲೆಗೆ ಬಂದುದು ಚಿನ್ನದ ಬೆನ್ನು ಹಿಡಿದು. 1880ರಿಂದೀಚೆಗೆ ಜಾನ್ ಟೇಲರ್ ಕಂಪನಿಯವರು ಗಣಿಗಳನ್ನು ನಡೆಸತೊಡಗಿದ ಮೇಲೆ ಇಂಗ್ಲೆಂಡಿನ ಅಧಿಕಾರಿಗಳು ತಮ್ಮ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಟೆನ್ನಿಸ್ ಅಂಗಳಗಳೊಡನೆ ಒಂದು ಪುಟ್ಟ ಇಂಗ್ಲೆಂಡನ್ನೇ ಇಲ್ಲಿ ಕಟ್ಟಿಕೊಂಡರು. ಬ್ರಿಟಿಷ್ ಕಮಿಷನರ್ ಬೌರಿಂಗ್ ಅವರ ಹೆಸರನ್ನು ಹೊತ್ತ ಬೌರಿಂಗ್‌ಪೇಟೆ, ಇಂದಿನ ಬಂಗಾರಪೇಟೆ, ಆ ಲೋಕಕ್ಕೆ ರೈಲಿನ ಹೆಬ್ಬಾಗಿಲಾಯಿತು. ತಮಿಳು ಮತ್ತು ತೆಲುಗು ಜಿಲ್ಲೆಗಳಿಂದ ಬಂದು ಸಾಲುಮನೆಗಳಲ್ಲಿ ನೆಲೆಸಿದ ಕಾರ್ಮಿಕರಿಗೆ ಆ ಅಂಗಳದೊಡನೆ ಇದ್ದ ಸಂಬಂಧ ಬಿಳಿಯ ಗೆರೆಯ ಹೊರಗಿನದು. ಚೆಂಡು ಹೆಕ್ಕಿಕೊಡುತ್ತಿದ್ದ ಹುಡುಗರ ವಿಷಯವನ್ನು ಹಿರಿಯರ ಬಾಯಿಂದ ಕೇಳಿದ್ದೇನೆ. ಚೆಂಡು ಹೆಕ್ಕಿದ ಹುಡುಗಿಯರ ವಿಷಯವನ್ನು ಕೇಳಿಲ್ಲ. ಗಣಿಗಳು 1956ರಲ್ಲಿ ಸರ್ಕಾರದ ವಶಕ್ಕೆ ಬಂದು, 2001ರ ಫೆಬ್ರುವರಿ 28ರಂದು ಮುಚ್ಚಿದವು. ಕೊಯಮತ್ತೂರಿನ ಹುಡುಗಿ ಮೆಲ್ಬರ್ನಿನಲ್ಲಿ ಗೆದ್ದ ಮೂರು ವರ್ಷಕ್ಕೆ ನಮ್ಮಲ್ಲಿ ಸಾವಿರಾರು ಮನೆಗಳ ಸಂಬಳ ನಿಂತಿತು. ಆ ವರ್ಷಗಳಲ್ಲಿ ಇಲ್ಲಿ ಬೆಳೆದ ಹುಡುಗಿಯೊಬ್ಬಳಿಗೆ ರ‍್ಯಾಕೆಟ್ಟಿನ ತಂತಿ ಹರಿದರೆ ಹಾಕಿಸುವುದಕ್ಕೂ 70 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಬೇಕಾಗಿತ್ತು. ನಮ್ಮ ಜನ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವುದೇನೋ ಉಂಟು. ಅವರು ಹೋಗುವುದು ಕೂಲಿಗೆ, ಕಾರ್ಖಾನೆಗೆ, ಕಚೇರಿಗೆ.

ಉತ್ತರಪತ್ರಿಕೆಯನ್ನು ತಂದ ವಿದ್ಯಾರ್ಥಿನಿಯೂ ಅದೇ ರೈಲಿನಲ್ಲಿ ಕೆಲಸಕ್ಕೆ ಹೋಗುವ ತಾಯಿಯ ಮಗಳು. ಆಕೆಗೆ ನಾನು ಕಡೆಗೆ ಬರೆಸಿದ್ದು ಎರಡು ವಾಕ್ಯಗಳನ್ನು: 1934ರಲ್ಲಿ ಲೀಲಾ ರಾವ್ ವಿಂಬಲ್ಡನ್ನಿನಲ್ಲಿ ಪಂದ್ಯವೊಂದನ್ನು ಗೆದ್ದರು, ಮುಕ್ತ ಯುಗದಲ್ಲಿ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪಂದ್ಯವೊಂದನ್ನು ಮೊದಲು ಗೆದ್ದ ಭಾರತೀಯ ಮಹಿಳೆ ನಿರುಪಮಾ ವೈದ್ಯನಾಥನ್, ವರ್ಷ 1998. ಪರೀಕ್ಷೆಯಲ್ಲಿ ಒಂದೇ ಉತ್ತರಕ್ಕೆ ಗುರುತು ಹಾಕಬೇಕಲ್ಲ, ಆಗ ಏನು ಮಾಡಲಿ ಎಂದು ಆಕೆ ಕೇಳಿದಳು. ಪ್ರಶ್ನೆಯಲ್ಲಿ ‘ಮುಕ್ತ ಯುಗ’ ಎಂಬ ಮಾತು ಇದೆಯೇ ಎಂದು ಮೊದಲು ನೋಡು ಎಂದೆ. ಇಲ್ಲದಿದ್ದರೆ? ಇಲ್ಲದಿದ್ದರೆ ಲೀಲಾ ರಾವ್ ಎಂದು ಗುರುತು ಹಾಕು, ಅಂಕ ಹೋದರೆ ಆಕ್ಷೇಪಣೆಯ ಅರ್ಜಿಯನ್ನು ನಾನು ಬರೆದುಕೊಡುತ್ತೇನೆ ಎಂದೆ. ಸ್ಯಾಂಡಿಸನ್ ಅವರ ವಿಷಯವನ್ನು ಹೇಳಿದಾಗ, ಹಿಂದಿನ ಬೆಂಚಿನಲ್ಲಿ ಇನ್ನೂ ಕುಳಿತಿದ್ದ ರಾಬರ್ಟ್‌ಸನ್‌ಪೇಟೆಯ ಹುಡುಗನೊಬ್ಬ, ಹಾಗಾದರೆ ನಮ್ಮ ಅಜ್ಜಿಯನ್ನು ಯಾವ ಪಟ್ಟಿಯಲ್ಲಿ ಸೇರಿಸುತ್ತೀರಿ ಎಂದು ಕೇಳಿದನು. ಮಾರಿಕುಪ್ಪಂ ಗಾಡಿಯ ಹೊತ್ತಾದುದರಿಂದ ಆ ಚರ್ಚೆ ಮುಂದಿನ ವಾರಕ್ಕೆ ಉಳಿಯಿತು.